ನಮ್ಮ ಮಾತಿಗೆ ಅರ್ಥ ಹಚ್ಚುವಾಗ ನಾವೂ ಅಲ್ಲಿರಬೇಕು

ಮಾನ್ಯ ಸಂಪಾದಕರೇ,

ಮಂಗಳೂರು, ದೇರಳಕಟ್ಟೆ, ಮಣಿಪಾಲ, ಉಡುಪಿ. ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಮೆಡಿಕಲ್, ನರ್ಸಿಂಗ್, ಸಮಾಜಕಾರ್ಯ ಕಾಲೇಜುಗಳಿರುವ ಜಾಗ ಬೇರೆ ಎಷ್ಟು ಸಿಗುತ್ತದೆ ಹೇಳಿ. ಪ್ರತಿ ವರ್ಷ ಅಲ್ಲಿನ ಮಕ್ಕಳು ಥೀಸಿಸ್‌ಗೆಂದು ನಮ್ಮಂಥವರ ಹತ್ತಿರ ಬರುತ್ತಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುವವರು, ಬೀಡಿ ಕಟ್ಟುವ ಹೆಂಗಸರು, ಕೊರಗ ಬುಡಕಟ್ಟಿನ ಕಾಲೊನಿಯವರು, ಅಂಗವಿಕಲ ಮಕ್ಕಳ ತಾಯಂದಿರು, ಎಲ್ಲರ ಮನೆಗೂ ಬರುತ್ತಾರೆ. ಫಾರ್ಮಿಗೆ ಸಹಿ ಹಾಕಿಸಿ, ಮೊಬೈಲ್ ಆನ್ ಮಾಡಿ ಎದುರಿಗೆ ಇಟ್ಟು, ನಿಮ್ಮ ಅನುಭವ ಹೇಳಿ ಎನ್ನುತ್ತಾರೆ. ನಾವು ಹೇಳುತ್ತೇವೆ. ಕೆಲವರು ಹೇಳುತ್ತಾ ಅಳುವುದೂ ಉಂಟು. ಆಮೇಲೆ ಆ ಮಾತು ಎಲ್ಲಿಗೆ ಹೋಯಿತು, ಯಾರು ಓದಿದರು, ಓದಿ ಏನು ತೀರ್ಮಾನಕ್ಕೆ ಬಂದರು, ಯಾವುದೂ ನಮಗೆ ಗೊತ್ತಾಗುವುದಿಲ್ಲ.

ನಾನು ಕೇಳುವುದು ಒಂದೇ ವಿಷಯ. ಯಾರ ಮಾತನ್ನು ರೆಕಾರ್ಡ್ ಮಾಡಿಕೊಂಡು ಹೋಗುತ್ತೀರೋ, ಆ ಮಾತಿಗೆ ಅರ್ಥ ಹಚ್ಚುವಾಗ ಅವರಂಥವರೂ ನಿಮ್ಮ ಜೊತೆ ಕೂತಿರಬೇಕು. ಪ್ರಶ್ನೆ ತಯಾರಿಸುವಾಗ ಸಲಹೆ ಕೇಳುವುದು, ಕೊನೆಗೆ ಒಂದು ಕಾರ್ಯಕ್ರಮ ಮಾಡಿ ನಮಗೆ ಥ್ಯಾಂಕ್ಸ್ ಹೇಳುವುದು, ಎರಡೂ ಒಳ್ಳೆಯದೇ. ಆದರೆ ನಡುವಿನ ಆ ದೊಡ್ಡ ಕೆಲಸ ಉಂಟಲ್ಲ, ಪುಟಗಟ್ಟಲೆ ಮಾತನ್ನು ಓದಿ ಇದರಲ್ಲಿ ಮುಖ್ಯವಾದದ್ದು ಇದು ಎಂದು ಆರಿಸುವುದು, ಅಲ್ಲಿ ನಾವು ಯಾರೂ ಇರುವುದಿಲ್ಲ.

ನನ್ನ ಗಂಡ ಡಯಾಲಿಸಿಸ್‌ನಲ್ಲಿದ್ದಾರೆ. ಹಾಗಾಗಿ ಈ ಲೋಕ ನನಗೆ ಹತ್ತಿರದ್ದು. ಉಡುಪಿ ಕಡೆಯ ಒಬ್ಬ ವಿದ್ಯಾರ್ಥಿನಿ ಡಯಾಲಿಸಿಸ್ ರೋಗಿಗಳು ಮತ್ತು ಮನೆಯವರ ಸಂದರ್ಶನ ಮಾಡಿದಳು. ಕಾಲೇಜಿನ ಹೆಸರು ಬೇಡ. ಅವಳ ಗೈಡ್ ಒಂದು ಹೊಸ ಕೆಲಸ ಮಾಡಿದರು. ಆ ಸಂದರ್ಶನಗಳನ್ನು ಓದುವಾಗ ಕೆಲವು ರೋಗಿಗಳನ್ನೂ, ನನ್ನಂತೆ ರೋಗಿಗಳ ಜೊತೆ ಓಡಾಡುವ ಕೆಲವರನ್ನೂ ಕರೆದು ಕೂರಿಸಿದರು. ಅಲ್ಲಿ ನೋಡಿದ್ದೇ ನನ್ನ ಈ ಪತ್ರಕ್ಕೆ ಕಾರಣ.

ಗೊತ್ತಿಲ್ಲದವರಿಗೆ ಈ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ಇದನ್ನು ಗುಣಾತ್ಮಕ ಸಂಶೋಧನೆ ಎನ್ನುತ್ತಾರೆ. ಎಷ್ಟು ಜನರಿಗೆ ಬಿಪಿ ಇದೆ, ಎಷ್ಟು ಜನ ಸತ್ತರು ಎಂದು ಎಣಿಸುವುದು ಬೇರೆ. ಇಲ್ಲಿ ಎಣಿಕೆ ಇಲ್ಲ, ಮಾತು ಮಾತ್ರ. ರೆಕಾರ್ಡಿಂಗನ್ನು ಅಕ್ಷರಕ್ಕೆ ಇಳಿಸುತ್ತಾರೆ, ಅದಕ್ಕೆ ಟ್ರಾನ್ಸ್‌ಕ್ರಿಪ್ಟ್ ಎನ್ನುತ್ತಾರೆ. ಅದನ್ನು ಮತ್ತೆ ಮತ್ತೆ ಓದಿ ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಚಿಕ್ಕ ಹೆಸರು ಬರೆಯುತ್ತಾರೆ, ಅದು ಕೋಡ್. ಒಂದೇ ತರಹದ ಕೋಡ್‌ಗಳನ್ನು ಒಟ್ಟು ಮಾಡಿದರೆ ಥೀಮ್. ಕೊನೆಗೆ ಥೀಮ್‌ಗಳೇ ವರದಿಯ ಅಧ್ಯಾಯಗಳಾಗುತ್ತವೆ, ಅಲ್ಲಲ್ಲಿ ನಮ್ಮ ಒಂದೆರಡು ಮಾತನ್ನು ಉದಾಹರಣೆಗೆ ಹಾಕುತ್ತಾರೆ. ಈಗ ಜಾಸ್ತಿ ಬಳಕೆಯಲ್ಲಿರುವ ವಿಧಾನವನ್ನು ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಎಂಬ ಇಬ್ಬರು 2006ರಲ್ಲಿ 6 ಹಂತಗಳಾಗಿ ವಿವರಿಸಿದರು. ಅವರೇ ಒತ್ತಿ ಹೇಳುವ ಒಂದು ಮಾತಿದೆ. ಥೀಮ್‌ಗಳು ತಾವಾಗಿ ಮಾತಿನೊಳಗಿಂದ ಎದ್ದು ಬರುವುದಿಲ್ಲ. ಓದುವವರು ತಮ್ಮ ತಿಳುವಳಿಕೆ, ತಮ್ಮ ಬದುಕು, ತಮ್ಮ ಓದು ಎಲ್ಲವನ್ನೂ ಬಳಸಿ ಅವನ್ನು ಕಟ್ಟುತ್ತಾರೆ. ಕಟ್ಟುವುದು ಓದುವವರೇ ಆದರೆ, ಓದುವವರು ಯಾರು ಎಂಬ ಪ್ರಶ್ನೆ ತುಂಬಾ ದೊಡ್ಡದಾಗುತ್ತದೆ, ಅಲ್ವಾ?

ಆ ದಿನ ನಮ್ಮ ಕೈಗೆ ಕೊಟ್ಟ ಹಾಳೆಯಲ್ಲಿ ಯಾರ ಹೆಸರೂ ಇರಲಿಲ್ಲ, ಊರೂ ಇರಲಿಲ್ಲ. ಒಂದು ಕಡೆ ಒಬ್ಬರು ಹೇಳಿದ್ದರು: ಆ ದಿನ ಡಯಾಲಿಸಿಸ್‌ಗೆ ಹೋಗಲಿಕ್ಕೆ ಆಗಲಿಲ್ಲ, ಮಗಳಿಗೆ ರಜೆ ಸಿಗಲಿಲ್ಲ. ವಿದ್ಯಾರ್ಥಿನಿ ಅದರ ಪಕ್ಕದಲ್ಲಿ ಬರೆದ ಕೋಡ್, ಕುಟುಂಬದ ಬೆಂಬಲದ ಕೊರತೆ. ಅವಳನ್ನು ದೂರುವ ಹಾಗಿಲ್ಲ. ಅವಳು ಓದಿದ ಎಲ್ಲ ಲೇಖನಗಳಲ್ಲಿ ಆ ಮಾತು ಇತ್ತು. ಆದರೆ ನಮ್ಮ ಜೊತೆ ಕೂತಿದ್ದ ಒಬ್ಬ ರೋಗಿ ಓದಿದ ಕೂಡಲೇ ತಲೆ ಅಲ್ಲಾಡಿಸಿದರು. ಬೆಂಬಲ ಇಲ್ಲದೆ ಅಲ್ಲ, ಜೊತೆಗೆ ಒಬ್ಬರು ಇರಲೇಬೇಕು ಎಂದು ಆಸ್ಪತ್ರೆಯ ನಿಯಮ ಉಂಟು, ಒಬ್ಬರೇ ಹೋದರೆ ಮೆಷಿನ್‌ಗೆ ಹಾಕುವುದಿಲ್ಲ, ಈ ಮಗಳು ಪ್ರತಿ ವಾರ ಅಪ್ಪನಿಗಾಗಿ ಕೆಲಸ ಬಿಟ್ಟು ಬರುವವಳು, ಒಂದು ದಿನ ಕೆಲಸ ಕೊಟ್ಟ ಯಜಮಾನ ಬಿಡಲಿಲ್ಲ ಅಷ್ಟೇ, ಎಂದರು. ನಾವೆಲ್ಲ ಹೌದು ಎಂದೆವು. ಆ ಸಂದರ್ಶನದ ಹಿಂದಿನ ಪುಟಗಳನ್ನು ತೆರೆದು ನೋಡಿದರೆ ಮಗಳು ಎಷ್ಟು ಮಾಡುತ್ತಾಳೆ ಎಂದು ಅವರು ಉದ್ದಕ್ಕೂ ಹೇಳಿದ್ದು ಕಂಡಿತು.

ಈಗ ಯೋಚಿಸಿ. ಮೊದಲನೆಯ ಕೋಡ್ ವರದಿಗೆ ಹೋಗಿದ್ದರೆ ಪರಿಹಾರ ಎಂದು ಏನು ಬರೆಯುತ್ತಿದ್ದರು? ಮನೆಯವರಿಗೆ ಕೌನ್ಸೆಲಿಂಗ್ ಕೊಡಬೇಕು, ಅರಿವು ಮೂಡಿಸಬೇಕು ಎಂದು. ಎರಡನೆಯ ಓದಿನ ಪ್ರಕಾರ ಬದಲಾಗಬೇಕಾದದ್ದು ನಿಯಮ. ಗಟ್ಟಿಮುಟ್ಟಾಗಿ ನಡೆದುಕೊಂಡು ಬರುವ ರೋಗಿಗೂ ಜೊತೆಗೆ ಒಬ್ಬರು ಬೇಕೇ ಬೇಕಾ, ವಾರ್ಡ್‌ನಲ್ಲೇ ಒಬ್ಬ ಸಹಾಯಕರನ್ನು ಇಟ್ಟರೆ ಆಗದಾ ಎಂದು ಕೇಳಬೇಕಾಗುತ್ತದೆ. ಒಂದೇ ಸಾಲು. ಓದುವವರು ಬದಲಾದದ್ದಕ್ಕೆ ತಪ್ಪು ಮಗಳ ಮೇಲಿಂದ ಇಳಿದು ವ್ಯವಸ್ಥೆಯ ಮುಂದೆ ಬಂದು ನಿಂತಿತು.

ಇನ್ನೊಂದು ಕಡೆ ಹಲವರು ಹೇಳಿದ ಮಾತು: ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಏನೂ ತೊಂದರೆ ಇಲ್ಲ. ಇದಕ್ಕೆ ಸೇವೆಯ ಬಗ್ಗೆ ತೃಪ್ತಿ ಎಂದು ಕೋಡ್ ಹಾಕಿಯಾಗಿತ್ತು. ನಾವು ಕೇಳಿದ ಮೊದಲ ಪ್ರಶ್ನೆ, ಈ ಸಂದರ್ಶನ ಎಲ್ಲಿ ನಡೆಯಿತು ಎಂದು. ಡಯಾಲಿಸಿಸ್ ನಡೆಯುತ್ತಿರುವಾಗ, ಬೆಡ್‌ನ ಪಕ್ಕದಲ್ಲೇ. ವಿದ್ಯಾರ್ಥಿಗಳಿಗೆ ಅದು ಅನುಕೂಲ, ಒಬ್ಬ ಮನುಷ್ಯ ನಾಲ್ಕು ಗಂಟೆ ಎಲ್ಲಿಗೂ ಏಳದೆ ಮಲಗಿರುತ್ತಾನೆ. ಆದರೆ ಅಲ್ಲಿ ಸಿಸ್ಟರ್ ಓಡಾಡುತ್ತಿರುತ್ತಾರೆ. ನಾಡಿದ್ದು ಮತ್ತೆ ಅದೇ ಕೈಗೆ, ಡಯಾಲಿಸಿಸ್‌ಗೆಂದೇ ಆಪರೇಷನ್ ಮಾಡಿ ಕೂಡಿಸಿದ ರಕ್ತನಾಳಕ್ಕೆ, ಅಂದರೆ ಫಿಸ್ಟುಲಾಕ್ಕೆ, ದಪ್ಪ ಸೂಜಿ ಚುಚ್ಚಬೇಕಾದವರು ಅವರೇ. ಆ ಸಿಸ್ಟರ್‌ಗಳು ನಿಜವಾಗಿಯೂ ಒಳ್ಳೆಯವರು, ಅವರ ಕೆಲಸ ನೋಡಿದವರಿಗೆ ಗೊತ್ತು. ಹಾಗಿದ್ದರೂ ಅಲ್ಲಿ ಮಲಗಿದ ಯಾರೂ ದೂರು ಹೇಳುವುದಿಲ್ಲ. ಆ ಮೌನ ಮೆಷಿನ್‌ಗೆ ಅಂಟಿ ಮಲಗಿದವರಿಗೆ, ಅವರ ಪಕ್ಕ ಸ್ಟೂಲ್ ಮೇಲೆ ಕೂತವರಿಗೆ ಅರ್ಥ ಆಗುತ್ತದೆ. ಗೈಡ್ ಆಮೇಲೆ ಮನೆಯಲ್ಲಿ ಮಾಡಿದ ಸಂದರ್ಶನಗಳನ್ನೂ ವಾರ್ಡ್‌ನಲ್ಲಿ ಮಾಡಿದವನ್ನೂ ಬೇರೆ ಬೇರೆ ಇಟ್ಟು ಓದಿಸಿದರು. ವ್ಯತ್ಯಾಸ ಎದ್ದು ಕಾಣುತ್ತಿತ್ತು. ಮನೆಯಲ್ಲಿ ಕೂತವರು ಮುಂಜಾನೆ ಶಿಫ್ಟ್‌ನ ಬಗ್ಗೆ, ಮೊದಲ ಬಸ್ಸಿನ ಬಗ್ಗೆ, ಕರೆಂಟ್ ಹೋದರೆ ಆಗುವ ಹೆದರಿಕೆ ಬಗ್ಗೆ ಮಾತಾಡಿದ್ದರು.

ನೀರಿನ ವಿಷಯ ಇನ್ನೂ ಮುಖ್ಯ. ಡಯಾಲಿಸಿಸ್‌ನವರಿಗೆ ನೀರು ಅಳೆದು ಕುಡಿಯಬೇಕು, ಎರಡು ಡಯಾಲಿಸಿಸ್ ನಡುವೆ ತೂಕ ಏರಬಾರದು. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಇದು ಎಂಥ ಶಿಕ್ಷೆ ಎಂದು ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತದೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಒಬ್ಬರು, ಬೆಳಿಗ್ಗೆ ಒಂದು ಬಾಟಲಿ ತುಂಬಿಸಿಟ್ಟು ಚಹಾ ಕುಡಿದರೂ ಗಂಜಿ ತಿಳಿ ಕುಡಿದರೂ ಅಷ್ಟು ನೀರು ಬಾಟಲಿಯಿಂದ ಚೆಲ್ಲುತ್ತೇನೆ, ಸಂಜೆಗೆ ಎಷ್ಟು ಉಳಿದಿದೆ ಎಂದು ನೋಡಿ ಕುಡಿಯುತ್ತೇನೆ, ಒಂದೊಂದು ದಿನ ತಡೆಯಲಿಕ್ಕಾಗದೆ ಜಾಸ್ತಿ ಕುಡಿಯುತ್ತೇನೆ ಎಂದಿದ್ದರು. ಕೊನೆಯ ಮಾತು ಮಾತ್ರ ಕೋಡ್ ಆಗಿತ್ತು, ಪಥ್ಯ ಪಾಲಿಸದಿರುವುದು ಎಂದು. ಬಾಟಲಿಯ ಉಪಾಯಕ್ಕೆ ಏನೂ ಹೆಸರೇ ಇಲ್ಲ. ಅದನ್ನು ಓದಿ ನಮ್ಮ ಗುಂಪಿನ ಒಬ್ಬ ಹೆಂಗಸು, ಇದು ನಾನೂ ಮಾಡಬಹುದು, ಯಾರೂ ನನಗೆ ಹೀಗೆ ಹೇಳಿಕೊಟ್ಟಿರಲಿಲ್ಲ ಎಂದರು. ರೋಗಿಗಳು ತಾವಾಗಿ ಕಂಡುಕೊಂಡ ದಾರಿಗಳು ಎಂದು ಆಮೇಲೆ ಒಂದು ಹೊಸ ಥೀಮೇ ಆಯಿತು. ಬರ್ಫದ ತುಂಡು ಚೀಪುವುದು, ಚಿಕ್ಕ ಲೋಟ ಇಟ್ಟುಕೊಳ್ಳುವುದು, ಉಪ್ಪಿನಕಾಯಿಯನ್ನು ಮನೆಯವರೆಲ್ಲ ಬಿಡುವುದು. ಇಷ್ಟೂ ಮೊದಲಿನಿಂದ ಆ ಹಾಳೆಗಳಲ್ಲೇ ಇತ್ತು. ಓದಿದವರ ಕಣ್ಣಿಗೆ ಬಿದ್ದಿರಲಿಲ್ಲ.

ನಾವು ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ. ಒಬ್ಬ ರೋಗಿ, ದುಡ್ಡೇ ದೊಡ್ಡ ಸಮಸ್ಯೆ, ಅದನ್ನು ಮೊದಲ ಥೀಮ್ ಮಾಡಿ ಎಂದು ಹಟ ಹಿಡಿದರು. ವಿದ್ಯಾರ್ಥಿನಿ ತಾಳ್ಮೆಯಿಂದ ಒಂದೊಂದೇ ಸಂದರ್ಶನ ತೋರಿಸಿದಳು. ಡಯಾಲಿಸಿಸ್‌ನ ಖರ್ಚಿನ ಬಗ್ಗೆ ದೂರಿದವರು ಕಡಿಮೆ. ಆ ಸಂದರ್ಶನ ಕೊಟ್ಟವರಲ್ಲಿ ಹೆಚ್ಚಿನವರಿಗೆ ಅದು ಉಚಿತವಾಗಿ ಸಿಗುತ್ತಿತ್ತು, 2016ರಲ್ಲಿ ಬಂದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಬಿಪಿಎಲ್ ಕುಟುಂಬಗಳಿಗೆ ಆ ಅನುಕೂಲ ಆಗಿದೆ. ಅವರು ಮಾತಾಡಿದ್ದು ಹೋಗಿ ಬರುವ ಖರ್ಚು ಮತ್ತು ತಪ್ಪಿದ ಕೂಲಿಯ ಬಗ್ಗೆ. ಅವಳು ತೋರಿಸಿದ್ದು ಸರಿಯಾಗಿತ್ತು, ಅವರೂ ಒಪ್ಪಿದರು. ಒಬ್ಬರ ಅನುಭವ ಎಲ್ಲರದ್ದೂ ಅಲ್ಲ. ಆದ್ದರಿಂದಲೇ ಎರಡೂ ತರಹದ ಕಣ್ಣು ಬೇಕು ಎನ್ನುವುದು. ಸಂಶೋಧನೆ ಕಲಿತವರು ಎಲ್ಲ ಹಾಳೆಗಳನ್ನೂ ಸಮನಾಗಿ ನೋಡುವ ಶಿಸ್ತು ತರುತ್ತಾರೆ, ನಾವು ಆ ಮಾತಿನ ಹಿಂದಿನ ಬದುಕನ್ನು ತರುತ್ತೇವೆ. ಇಬ್ಬರಿಗೂ ಒಮ್ಮತ ಬಾರದಿದ್ದರೆ ಬರಲಿಲ್ಲ ಎಂದೇ ವರದಿಯಲ್ಲಿ ಬರೆಯಲಿ, ಓದಿದವರಿಗೆ ಅದರಿಂದಲೂ ಕಲಿಯಲಿಕ್ಕೆ ಸಿಗುತ್ತದೆ.

ಇದು ನಮ್ಮ ಊರಿನ ಒಂದು ಚಿಕ್ಕ ಕೋಣೆಯಲ್ಲಿ ಹುಟ್ಟಿದ ಯೋಚನೆ ಅಲ್ಲ. ಬ್ರಿಟನ್‌ನಲ್ಲಿ 1996ರಿಂದಲೇ ಆರೋಗ್ಯ ಸಂಶೋಧನೆಯಲ್ಲಿ ಜನರನ್ನು ಸೇರಿಸಿಕೊಳ್ಳಲಿಕ್ಕೆ ಸರ್ಕಾರದ ಹಣದಲ್ಲಿ ಒಂದು ವ್ಯವಸ್ಥೆ ಇತ್ತು, ಆಮೇಲೆ ಇನ್‌ವಾಲ್ವ್ ಎಂಬ ಹೆಸರಲ್ಲಿ ನಡೆಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆದವರೇ ಸಂಶೋಧಕರಾಗಿರುವ ಒಂದು ತಂಡವನ್ನು ಡಯಾನಾ ರೋಸ್ ಮತ್ತು ಜೊತೆಗಾರರು ಕಟ್ಟಿದರು. ಅವರು 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ವಿಷಯ, ನಾವು ಶಾಕ್ ಟ್ರೀಟ್‌ಮೆಂಟ್ ಎನ್ನುವ ಇಸಿಟಿ. ವೈದ್ಯರು ನಡೆಸಿದ 26 ಅಧ್ಯಯನಗಳನ್ನೂ, ರೋಗಿಗಳು ನಡೆಸಿದ ಅಥವಾ ರೋಗಿಗಳ ಜೊತೆ ಸೇರಿ ನಡೆಸಿದ 9 ಅಧ್ಯಯನಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ತಂಡದಲ್ಲಿ ಸ್ವತಃ ಆ ಚಿಕಿತ್ಸೆ ಪಡೆದವರೂ ಇದ್ದರು. ವೈದ್ಯರ ಅಧ್ಯಯನಗಳಲ್ಲಿ ಲಾಭವಾಯಿತು ಎಂದವರು ಜಾಸ್ತಿ, ರೋಗಿಗಳ ಅಧ್ಯಯನಗಳಲ್ಲಿ ಕಡಿಮೆ. ನೆನಪು ಹೋದದ್ದು ಮತ್ತೆ ಬಂದಿಲ್ಲ ಎಂದು ಹೇಳಿದವರು ಬೇರೆ ಬೇರೆ ಅಧ್ಯಯನಗಳಲ್ಲಿ ಶೇ 29ರಿಂದ ಶೇ 55ರ ತನಕ ಇದ್ದರು. ಚಿಕಿತ್ಸೆ ಮುಗಿದ ಕೂಡಲೇ, ಆಸ್ಪತ್ರೆಯಲ್ಲೇ, ನಾಲ್ಕೈದು ಪ್ರಶ್ನೆ ಕೇಳಿದರೆ ಜನ ತೃಪ್ತಿ ಎನ್ನುತ್ತಾರೆ ಎಂಬುದನ್ನೂ ಅವರು ಗುರುತಿಸಿದರು. ನಮ್ಮ ವಾರ್ಡ್‌ನ ಕಥೆಗೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಇಸಿಟಿ ಬೇಡ ಎಂದು ಹೇಳಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ, ಅದರಿಂದ ಜೀವ ಉಳಿದವರೂ ಇದ್ದಾರೆ. ಅನುಭವ ಇದ್ದವರು ಓದುವ ಜಾಗದಲ್ಲಿ ಇದ್ದರೆ, ಬೇರೆಯವರಿಗೆ ಕಾಣದೆ ಹೋಗುವ ಸಂಗತಿ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ನಮ್ಮ ಕಾನೂನೂ ಇದೇ ದಾರಿಯಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಂಗವಿಕಲರ ಮೇಲೆ ಸಂಶೋಧನೆ ಮಾಡಬೇಕಾದರೆ ಅವರಿಗೆ ಅರ್ಥವಾಗುವ ರೀತಿಯಲ್ಲಿ ಒಪ್ಪಿಗೆ ಪಡೆಯಬೇಕು, ಜೊತೆಗೆ ಒಂದು ಸಮಿತಿಯ ಅನುಮತಿಯೂ ಬೇಕು. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಜನ ಅಂಗವಿಕಲರೇ ಅಥವಾ ಅವರ ನೋಂದಾಯಿತ ಸಂಸ್ಥೆಗಳವರೇ ಆಗಿರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪರಿಶೀಲನಾ ಮಂಡಳಿಯಲ್ಲೂ ಕಾಯಿಲೆ ಇದ್ದವರು, ನೋಡಿಕೊಳ್ಳುವವರು ಅಥವಾ ಅವರ ಸಂಸ್ಥೆಗಳವರಿಗೆ ಎರಡು ಸ್ಥಾನ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಸಂಶೋಧನೆಗೆ ಅನುಮತಿ ಕೊಡುವ ಪ್ರತಿ ಎಥಿಕ್ಸ್ ಕಮಿಟಿಯಲ್ಲಿ ಒಬ್ಬ ಜನಸಾಮಾನ್ಯ ಸದಸ್ಯ ಇರಬೇಕು. ಅಂದರೆ ಸಂಶೋಧನೆಯ ಬಾಗಿಲಲ್ಲಿ ನಮ್ಮನ್ನು ನಿಲ್ಲಿಸಿಕೊಂಡಾಗಿದೆ. ಒಳಗೆ, ಮಾತನ್ನು ಓದುವ ಕೋಣೆಗೆ ಇನ್ನೂ ಕರೆದಿಲ್ಲ.

ನಮ್ಮ ಸುತ್ತಮುತ್ತಲೇ ಇದಕ್ಕೆ ದೊಡ್ಡ ಪಾಠ ಇದೆ. ಕಾಸರಗೋಡಿನ ಪಡ್ರೆ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ವರ್ಷಗಳಲ್ಲಿ, ಹುಟ್ಟಿದ ಕರುಗಳ ಕಾಲು ಸೊಟ್ಟಗಿರುವುದನ್ನು ಮೊದಲು ಕಂಡವರು ದನ ಸಾಕುವ ಜನ. ಅದನ್ನು ಬರೆದವರು ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ತನ್ನ ಹತ್ತಿರ ಬರುವ ರೋಗಿಗಳಲ್ಲಿ ಏನೋ ಬೇರೆ ಇದೆ ಎಂದು ಹೇಳುತ್ತಾ ಬಂದವರು ಅಲ್ಲೇ ಇದ್ದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್. ದಕ್ಷಿಣ ಕನ್ನಡ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ತಾಯಂದಿರೂ ವರ್ಷಗಟ್ಟಲೆ ತಮ್ಮ ಮಕ್ಕಳ ಸ್ಥಿತಿ ಹೇಳಿಕೊಂಡರು. ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆದದ್ದು 2011ರ ಮೇ 13ರಂದು. ಅಲ್ಲಿಯ ತನಕ ಎಷ್ಟು ಸಮಿತಿಗಳು ಬಂದು ಹೋದವು. ಅನುಭವಿಸುವವರ ಮಾತನ್ನು ಬರೀ ದೂರು ಎಂದು ಫೈಲಿಗೆ ಸೇರಿಸದೆ, ಅವರನ್ನು ಜೊತೆಗೆ ಕೂರಿಸಿ ಇದರ ಅರ್ಥ ಏನು ಎಂದು ಕೇಳಿದ್ದರೆ ಇಷ್ಟು ತಡ ಆಗುತ್ತಿರಲಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಪುತ್ತೂರಿನಿಂದ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆಯನ್ನೂ ನೆನಪಿಸಿಕೊಳ್ಳಿ. ಕೃಷಿಯ ಬಗ್ಗೆ ಬರೆಯಬೇಕಾದವರು ಕೃಷಿಕರೇ ಎಂದು ನಂಬಿ, ಅವರ ಕೈಗೆ ಲೇಖನಿ ಕೊಟ್ಟರು. ಆಗಲೂ, ರೈತರಿಗೆ ಬರೆಯಲಿಕ್ಕೆ ಎಲ್ಲಿ ಬರುತ್ತದೆ ಎಂದವರು ಇದ್ದಿರಬಹುದು. ಬಂತು. ತೋಟದಲ್ಲಿ ನಿಂತು ನೋಡಿದವರು ಬರೆದಾಗ ಓದಿದವರಿಗೆ ಉಪಯೋಗ ಆಯಿತು. ಇದೇ ಮಣ್ಣಿನ ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ಯಾಕೆ ಆಗಬಾರದು?

ಜನರಿಗೆ ಇಷ್ಟೆಲ್ಲ ಓದಲಿಕ್ಕೆ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ರ ಮೇಲೆ, ಉಡುಪಿಯದ್ದು ಶೇ 86ರ ಮೇಲೆ. ಓದಲು ಬಾರದವರಿಗೆ ಓದಿ ಹೇಳಬಹುದು. ಸಂದರ್ಶನ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ನಡೆದಿದ್ದರೆ ಚರ್ಚೆಯೂ ಅದೇ ಭಾಷೆಯಲ್ಲಿ ನಡೆಯಲಿ. ರೆಕಾರ್ಡಿಂಗ್ ಹಾಕಬೇಡಿ, ದನಿ ಕೇಳಿದರೆ ಇಂಥವರು ಎಂದು ಗೊತ್ತಾಗುತ್ತದೆ. ಬೇರೆ ಯಾರಾದರೂ ಹಾಳೆ ನೋಡಿ ಓದಲಿ.

ಗುಟ್ಟಿನ ವಿಷಯ ನಮ್ಮ ಊರುಗಳಲ್ಲಿ ನಿಜವಾಗಿಯೂ ಕಷ್ಟದ್ದು, ಇದನ್ನು ಹಗುರ ಮಾಡಬಾರದು. ಇಲ್ಲಿ ಎಲ್ಲರಿಗೂ ಎಲ್ಲರ ಗುರುತು. ಹೆಸರು ತೆಗೆದರೂ, ಮಲ್ಪೆಯಲ್ಲಿ ಬೋಟ್ ಇತ್ತು, ಇಬ್ಬರು ಹೆಣ್ಣುಮಕ್ಕಳು, ಹೆಂಡತಿ ಟೀಚರ್ ಎಂದರೆ ಸಾಕು, ಯಾರು ಎಂದು ಹೊಳೆದುಬಿಡುತ್ತದೆ. ಅದಕ್ಕೆ ಕುಂದಾಪುರದವರ ಮಾತನ್ನು ಬಂಟ್ವಾಳದವರು ಓದಲಿ, ಸುಳ್ಯದವರದ್ದನ್ನು ಕಾರ್ಕಳದವರು ಓದಲಿ. ಇಡೀ ಸಂದರ್ಶನ ಕೊಡುವ ಬದಲು ಗುರುತು ಸಿಗದ ಭಾಗಗಳನ್ನು ಆರಿಸಿ ಕೊಡಲಿ. ಹಾಳೆಗಳನ್ನು ಮನೆಗೆ ಕೊಂಡುಹೋಗುವ ಹಾಗಿಲ್ಲ ಎಂದಿರಲಿ. ಮುಖ್ಯವಾಗಿ, ಸಂದರ್ಶನಕ್ಕೆ ಸಹಿ ಹಾಕಿಸುವಾಗಲೇ, ನಿಮ್ಮ ಮಾತನ್ನು ಹೆಸರು ತೆಗೆದು ಬೇರೆ ರೋಗಿಗಳೂ ಓದಬಹುದು, ಆಗಬಹುದಾ ಎಂದು ಕೇಳಬೇಕು. ಬೇಡ ಎಂದರೆ ಬೇಡ.

ಓದುವವರ ಮನಸ್ಸಿನ ಬಗ್ಗೆಯೂ ಯೋಚಿಸಬೇಕು. ತನ್ನದೇ ಕಾಯಿಲೆ ಇದ್ದ ಇನ್ನೊಬ್ಬರು ಸತ್ತದ್ದನ್ನು ಹಾಳೆಯಲ್ಲಿ ಓದುವುದು ಸುಲಭ ಇಲ್ಲ. ನಮ್ಮಲ್ಲೂ ಒಬ್ಬರು ಎದ್ದು ಹೊರಗೆ ಹೋದರು. ಗೈಡ್ ಅವರ ಹಿಂದೆ ಹೋಗಿ ಜೊತೆಗೆ ಕೂತರು, ಮತ್ತೆ ಬರುವಂತೆ ಒತ್ತಾಯ ಮಾಡಲಿಲ್ಲ. ಇದು ಕರೆಯುವವರ ಜವಾಬ್ದಾರಿ. ಮಾನಸಿಕ ಕಾಯಿಲೆ, ಆತ್ಮಹತ್ಯೆ, ಮನೆಯೊಳಗಿನ ಹೊಡೆತದಂಥ ವಿಷಯವಾದರೆ ಇನ್ನೂ ಜಾಗ್ರತೆ ಬೇಕು.

ಇನ್ನು ದುಡ್ಡಿನ ಮಾತು. ಇದನ್ನು ಹೇಳಲಿಕ್ಕೆ ನಮ್ಮಲ್ಲಿ ಸಂಕೋಚ ಪಡುತ್ತಾರೆ, ನಾನು ಪಡುವುದಿಲ್ಲ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ, ಬಸ್ಸಿನ ದುಡ್ಡು, ಮಧ್ಯಾಹ್ನದ ಊಟ ಕೊಡಬೇಕು. ಡಯಾಲಿಸಿಸ್‌ನವರಾದರೆ ಅವರಿಗೆ ಆಗುವ ಊಟ. ಶಾಲು, ಹಣ್ಣಿನ ಬುಟ್ಟಿ, ಸರ್ಟಿಫಿಕೇಟ್ ಯಾವುದೂ ಕೂಲಿಗೆ ಬದಲಿ ಆಗುವುದಿಲ್ಲ. ಮಾಡಿದ್ದು ಕೆಲಸ, ಅದೂ ತಲೆ ಉಪಯೋಗಿಸಿ ಮಾಡಿದ ಕೆಲಸ. ವರದಿಯಲ್ಲಿ ಅವರು ಒಪ್ಪಿದರೆ ಅವರ ಹೆಸರೂ ಇರಲಿ. ಬರೀ ಫೋಟೋಗೆ ಕರೆದು ಕೂರಿಸುವುದಾದರೆ ಕರೆಯಬೇಡಿ. ಶೆರಿ ಆರ್ನ್‌ಸ್ಟೈನ್ ಎಂಬವರು 1969ರಲ್ಲೇ ಜನರ ಭಾಗವಹಿಸುವಿಕೆಗೆ 8 ಮೆಟ್ಟಿಲು ಗುರುತಿಸಿದ್ದರು. ಸುಮ್ನೆ ಕರೆದು ಕೇಳಿದಂತೆ ಮಾಡುವುದು, ಕೇಳಿದ್ದನ್ನು ಎಲ್ಲೂ ಸೇರಿಸದೇ ಇರುವುದು ಅದರಲ್ಲಿ ತೋರಿಕೆಯ ಮೆಟ್ಟಿಲುಗಳಲ್ಲಿವೆ. ಕಾಲೇಜುಗಳು ಅಲ್ಲೇ ನಿಂತುಬಿಡುವ ಅಪಾಯ ಇದೆ. ನಾವು ಹೇಳಿದ್ದರಿಂದ ಯಾವ ಕೋಡ್ ಬದಲಾಯಿತು, ಯಾವುದು ಬದಲಾಗಲಿಲ್ಲ, ಯಾಕೆ ಎಂದು ವರದಿಯಲ್ಲಿ ಒಂದು ಪುಟ ಬರೆಯಬೇಕು ಎಂದರೆ ತೋರಿಕೆಗೆ ಜಾಗ ಕಡಿಮೆ ಆಗುತ್ತದೆ.

ಕೊರಗರ ವಿಷಯ ಇಲ್ಲಿ ಹೇಳದೆ ಇರಲು ಆಗುವುದಿಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಇವರಷ್ಟು ಅಧ್ಯಯನಕ್ಕೆ ಒಳಗಾದ ಸಮುದಾಯ ಇನ್ನೊಂದು ಇರಲಿಕ್ಕಿಲ್ಲ. ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿ 2000ದಲ್ಲಿ ಕಾನೂನು ಬಂತು. ಆಮೇಲೂ ಪೌಷ್ಟಿಕತೆ, ಕುಡಿತ, ಶಾಲೆ ಬಿಡುವುದು ಎಂದು ವರದಿ ಮೇಲೆ ವರದಿ. ಈಗ ಆ ಸಮುದಾಯದಲ್ಲೇ ಡಿಗ್ರಿ ಓದಿದ ಯುವಕ ಯುವತಿಯರಿದ್ದಾರೆ. ಕಾಲೊನಿಯ ಅಜ್ಜಿಯೊಬ್ಬರ ಮಾತನ್ನು ಓದುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿಕ್ಕೆ ಏನು ಅಡ್ಡಿ?

ಸಮಯ ಇಲ್ಲ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ, ಅದು ಸುಳ್ಳಲ್ಲ. ಎಂಎಸ್‌ಡಬ್ಲ್ಯೂ, ಎಂಎಸ್ಸಿ ನರ್ಸಿಂಗ್ ಎರಡು ವರ್ಷ, ಎಂಡಿ ಮೂರು ವರ್ಷ, ಅದರಲ್ಲೇ ಕ್ಲಾಸು, ಡ್ಯೂಟಿ, ಪರೀಕ್ಷೆ. ಅದಕ್ಕೇ ಇದನ್ನು ಮಕ್ಕಳ ಒಳ್ಳೆಯತನಕ್ಕೆ ಬಿಡಬಾರದು. ಥೀಸಿಸ್ ಶುರು ಮಾಡುವ ಮೊದಲು ಕೊಡುವ ಸಿನಾಪ್ಸಿಸ್ ಫಾರ್ಮಿನಲ್ಲೇ ಒಂದು ಕಾಲಂ ಬರಲಿ: ಸಂದರ್ಶನಗಳನ್ನು ವಿಶ್ಲೇಷಣೆ ಮಾಡುವಾಗ ಸೇವೆ ಪಡೆಯುವವರು ಇರುತ್ತಾರಾ, ಯಾವ ಹಂತದಲ್ಲಿ, ಅವರಿಗೆ ಕೊಡುವ ದುಡ್ಡು ಎಲ್ಲಿಂದ? ಇಲ್ಲ ಎಂದಾದರೆ ಕಾರಣ ಬರೆಯಲಿ. ಎಥಿಕ್ಸ್ ಕಮಿಟಿಯವರು ಆ ಕಾಲಂ ನೋಡಿ ಪ್ರಶ್ನೆ ಕೇಳಲಿ. ಕಾಲೇಜು ಪ್ರತಿ ವರ್ಷ ಒಂದು ಚಿಕ್ಕ ಮೊತ್ತ ತೆಗೆದಿಡಲಿ, ವಿದ್ಯಾರ್ಥಿ ತನ್ನ ಕಿಸೆಯಿಂದ ಕೊಡುವಂತೆ ಆಗಬಾರದು. ಶುರುವಿಗೆ ಎಲ್ಲ ಥೀಸಿಸ್‌ಗಳಲ್ಲಿ ಬೇಡ, ಒಂದು ವಿಭಾಗದವರು ಒಂದು ಅಧ್ಯಯನದಲ್ಲಿ ಮಾಡಿ ನೋಡಲಿ, ಎರಡು ಮೂರು ಸಂದರ್ಶನದ ಕೆಲವು ಪುಟಗಳಿಂದ ಶುರು ಮಾಡಲಿ. ಕೋಡ್ ಮಾಡುವುದು ಹೇಗೆ ಎಂದು ನಮಗೆ ಒಂದು ಮಧ್ಯಾಹ್ನ ಹೇಳಿಕೊಟ್ಟರೆ ಸಾಕಾಯಿತು.

ಇದನ್ನು ಓದುವ ರೋಗಿಗಳಿಗೆ, ಮನೆಯವರಿಗೂ ಒಂದು ಮಾತು. ನಾಳೆ ಯಾರಾದರೂ ಸಂದರ್ಶನಕ್ಕೆ ಬಂದರೆ ಬೇಡ ಎನ್ನಬೇಡಿ, ಆ ಮಕ್ಕಳು ಕಲಿಯಬೇಕು, ನಾಳೆ ನಮ್ಮನ್ನು ನೋಡುವವರು ಅವರೇ. ಸಹಿ ಹಾಕುವ ಮೊದಲು ಇಷ್ಟು ಮಾತ್ರ ಕೇಳಿ: ನಾನು ಹೇಳಿದ್ದನ್ನು ಯಾರು ಓದುತ್ತಾರೆ? ಓದುವಾಗ ನನ್ನಂಥವರು ಯಾರಾದರೂ ಇರುತ್ತಾರಾ? ವರದಿ ನನಗೆ ಸಿಗುತ್ತದಾ?

ನಿಮ್ಮ ಪತ್ರಿಕೆ ಈ ಬಗ್ಗೆ ಇಲ್ಲಿನ ಕಾಲೇಜುಗಳ ಸಂಶೋಧನಾ ವಿಭಾಗದವರನ್ನು ಕೇಳಿ ಅವರ ಉತ್ತರ ಪ್ರಕಟಿಸಿದರೆ ತುಂಬಾ ಉಪಕಾರ. ಯಾವುದಾದರೂ ವಿಭಾಗದವರು ಕರೆಯುವುದಾದರೆ ಬರಲಿಕ್ಕೆ ನಮ್ಮ ಕಡೆ ಜನ ತಯಾರಿದ್ದಾರೆ. ಡಯಾಲಿಸಿಸ್‌ನವರನ್ನು ಕರೆಯುವಾಗ ಮಾತ್ರ ಡಯಾಲಿಸಿಸ್ ಇಲ್ಲದ ದಿನ ನೋಡಿ, ಬೆಳಿಗ್ಗೆ ಹತ್ತರ ಮೇಲೆ, ಮೆಟ್ಟಿಲು ಹತ್ತಬೇಕಾಗದ ಕೋಣೆಯಲ್ಲಿ ಇಡಿ.

ಇತಿ,
ಡಯಾಲಿಸಿಸ್ ರೋಗಿಯೊಬ್ಬರ ಹೆಂಡತಿ,
ಉಡುಪಿ ಜಿಲ್ಲೆ